ಊರ ಹಿಂದಿನ ಗೋಮಾಳದಲ್ಲಿ ಏನಿದೆ? ಸಸಿ ನೆಡುವ ಮೊದಲು ಒಮ್ಮೆ ಬಗ್ಗಿ ನೋಡಿ

ಪ್ರಶ್ನೆ: ನಾನು ಶಿರಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಮೇಷ್ಟ್ರು. ನಮ್ಮ ಊರ ಹಿಂದೆ ಸುಮಾರು 22 ಎಕರೆ ಗೋಮಾಳ ಉಳಿದಿದೆ. ಗರಸು ನೆಲ, ಅಲ್ಲೊಂದು ಇಲ್ಲೊಂದು ಜಾಲಿ ಗಿಡ, ಉಳಿದದ್ದೆಲ್ಲ ಹುಲ್ಲು. ಬೇಸಿಗೆಯಲ್ಲಿ ಅದೂ ಇಲ್ಲ. "ಸುಮ್ನೆ ಬಿದ್ದಿರೋ ಜಾಗ" ಅಂತ ಪಂಚಾಯಿತಿಯವರು ಉದ್ಯೋಗ ಖಾತ್ರಿಯಲ್ಲಿ ಗುಂಡಿ ತೋಡಿಸಿ ಸಸಿ ನೆಡಿಸಲು ಹೊರಟಿದ್ದಾರೆ. ಮಕ್ಕಳ ಜೊತೆ ಅಲ್ಲಿನ ಗಿಡ, ಪ್ರಾಣಿ, ಪಕ್ಷಿಗಳ ಪಟ್ಟಿ ಮಾಡಬೇಕೆಂದು ನನಗೆ ಆಸೆ. ಅಲ್ಲಿ ಏನಾದರೂ ಇರುತ್ತದೆಯೇ? ಕುರಿ, ದನ ಮೇಯುವುದರಿಂದ ಜಾಗ ಹಾಳಾಗುತ್ತಿದೆಯೇ? ಸಸಿ ನೆಡುವುದು ಒಳ್ಳೆಯದಲ್ಲವೇ?

ಉತ್ತರ:

ಮೇಷ್ಟ್ರೇ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಗುಂಡಿ ತೋಡುವ ಕೆಲಸ ಒಮ್ಮೆ ಮಂಜೂರಾದರೆ ಜೆಸಿಬಿ ಬರಲು ಹೆಚ್ಚು ದಿನ ಬೇಕಿಲ್ಲ. ಆ ಗೋಮಾಳದೊಳಗೆ ಸಸಿ ನೆಡುವುದು ಬೇಡ. ಸಸಿ ನೆಡಲು ಊರಲ್ಲಿ ಬೇರೆ ಜಾಗ ಇದೆ, ಅದನ್ನು ಕೊನೆಗೆ ಹೇಳುತ್ತೇನೆ. ಹುಲ್ಲುಗಾವಲು ಅಂದರೆ ಮರ ಕಡಿದು ಬರಿದಾದ ಕಾಡು ಅಂತ ಬಹಳ ಜನ ತಪ್ಪು ತಿಳಿದಿದ್ದಾರೆ. ನಿಮ್ಮ ಕಡೆ ಮಳೆ ಕಡಿಮೆ, ಮಣ್ಣಿನ ಪದರ ತೆಳು, ಕೆಳಗೆ ಗರಸು. ಇಂಥ ನೆಲದಲ್ಲಿ ಹುಲ್ಲೇ ಒಡೆಯ. ಮರ ಅಲ್ಲೊಂದು ಇಲ್ಲೊಂದು ಇರುವುದೇ ಅದರ ಸಹಜ ರೂಪ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು ಅನ್ನಿಸುತ್ತದೆ. ಹಳೆಯ ಮೈಸೂರು ಸೀಮೆಯ ಕಂದಾಯ ದಾಖಲೆ ತೆಗೆದು ನೋಡಿ. ಮರಕ್ಕೆ ಗುಂಡುತೋಪು, ಈಚಲಿಗೆ ಸೇಂದಿವನ, ಹುಲ್ಲಿಗೆ ಗೋಮಾಳ, ಹುಲ್ಲುಬನ್ನಿ, ಕಾವಲು. ಒಂದೊಂದಕ್ಕೂ ಬೇರೆ ಬೇರೆ ಜಾಗ. ಗೋಮಾಳದಲ್ಲಿ ತೋಪು ಎಬ್ಬಿಸುವ ಯೋಚನೆ ನಮ್ಮ ಕಾಲದ್ದು. ಸರ್ಕಾರದ ಪಾಳುಭೂಮಿ ನಕ್ಷೆಗಳಲ್ಲಿ ಕುರುಚಲು, ಹುಲ್ಲುಗಾವಲುಗಳನ್ನೂ "ವೇಸ್ಟ್‌ಲ್ಯಾಂಡ್" ಪಟ್ಟಿಗೆ ಸೇರಿಸಿದ ಮೇಲಂತೂ, ಅವುಗಳನ್ನು "ಉದ್ಧಾರ" ಮಾಡುವ ಹುರುಪು ಜಾಸ್ತಿಯಾಯಿತು.

ಈಗ, ಅಲ್ಲಿ ಏನಿದೆ ಅನ್ನುವ ವಿಷಯಕ್ಕೆ ಬರುತ್ತೇನೆ. ಏನೂ ಕಾಣುತ್ತಿಲ್ಲ ಅನ್ನುವವರು ಸಾಮಾನ್ಯವಾಗಿ ಎರಡು ತಪ್ಪು ಮಾಡಿರುತ್ತಾರೆ. ಏಪ್ರಿಲ್, ಮೇ ಮಧ್ಯಾಹ್ನ ಹೋಗಿರುತ್ತಾರೆ. ಹೋದವರು ನಿಂತೇ ನೋಡಿರುತ್ತಾರೆ. ಗೋಮಾಳದ ಬಹುಪಾಲು ಜೀವ ಮೊಣಕಾಲಿನಿಂದ ಕೆಳಗೆ ಇರುತ್ತದೆ, ಅರ್ಧದಷ್ಟು ನೆಲದೊಳಗೇ ಇರುತ್ತದೆ. ಬೆಳಗ್ಗೆ ಏಳು ಗಂಟೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಒಂದೇ ಕಡೆ ಕುಕ್ಕರಗಾಲಲ್ಲಿ ಕೂತು ನೋಡಿ.

ಮೊದಲ ಮುಂಗಾರು ಹನಿ ಬಿದ್ದ ಮರುದಿನದಿಂದ ಶುರು ಮಾಡಿದರೆ ಒಳ್ಳೆಯದು. ಆ ಸಂಜೆಯೇ ಹುತ್ತಗಳಿಂದ ಈಸಲು ಹುಳು ಏಳುತ್ತವೆ. ಅವನ್ನು ತಿನ್ನಲು ಕಾಜಾಣ, ಕಳ್ಳಿಪೀರ, ಕಪ್ಪೆ, ಓತಿಕ್ಯಾತ ಎಲ್ಲವೂ ಹಾಜರ್. ಬೆಳಗ್ಗೆ ಹಸಿ ಮಣ್ಣಿನ ಮೇಲೆ ಕೆಂಪು ಮಖಮಲ್ಲಿನ ಇಂದ್ರಗೋಪ ಓಡಾಡುತ್ತಿರುತ್ತದೆ. ಅದನ್ನು ಹುಳ ಅಂತೀವಿ, ಆದರೆ ಮಕ್ಕಳಿಗೆ ಕಾಲು ಎಣಿಸಲು ಹೇಳಿ. ಎಂಟು ಸಿಗುತ್ತವೆ. ಅದು ಜೇಡ, ಉಣ್ಣಿಗಳ ನೆಂಟ. ವರ್ಷದ ಹೆಚ್ಚಿನ ಕಾಲ ಮಣ್ಣೊಳಗೇ ಇದ್ದು, ಮಳೆ ಬಿದ್ದ ಕೆಲವು ದಿನ ಮಾತ್ರ ಮೇಲೆ ಬರುತ್ತದೆ. ನೆಲ ಉತ್ತರೆ ಅಥವಾ ಟ್ರೆಂಚ್ ಹೊಡೆದರೆ ಮೊದಲು ಹೋಗುವುದು ಇಂಥವೇ.

ಗರಸಿನ ಮೇಲೆ ಇನ್ನೊಂದು ನೋಡಬಹುದು. ಒಂದರೊಳಗೊಂದು ಬಳೆ ಇಟ್ಟ ಹಾಗೆ ಮಣ್ಣಿನ ಸುತ್ತುಗಟ್ಟೆ, ನಡುವೆ ಒಂದು ತೂತು. ಬೀಜ ಕೂಡಿಡುವ ಇರುವೆಯ ಗೂಡು ಅದು. ಸುತ್ತಲೂ ಹುಲ್ಲಿನ ಬೀಜದ ಹೊಟ್ಟು ರಾಶಿ ಬಿದ್ದಿರುತ್ತದೆ. ಆ ಹೊಟ್ಟನ್ನು ಒಂದು ಬಿಳಿ ಹಾಳೆಯ ಮೇಲೆ ಸುರಿದು ನೋಡಿ. ಸುತ್ತಮುತ್ತ ಯಾವ ಯಾವ ಹುಲ್ಲಿದೆ ಅನ್ನುವ ಪಟ್ಟಿಯನ್ನು ಇರುವೆಗಳೇ ಅರ್ಧ ಮಾಡಿಟ್ಟಿರುತ್ತವೆ.

ನಿಮ್ಮ ಕಡೆ ದೊಡ್ಡ ಮಳೆ ಬರುವುದು ತಡವಾಗಿ. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ. ಹಾಗಾಗಿ ಗಿಡಗಳ ಪಟ್ಟಿಗೆ ಆಗಸ್ಟ್ ಕೊನೆಯಿಂದ ನವೆಂಬರ್ ಮಧ್ಯದವರೆಗಿನ ಕಾಲ ಚಿನ್ನದಂಥದ್ದು. ಕುರಿ ಮೇಯ್ದು ಗಿಡ್ಡವಾದ ಕಡೆ ನೆಲಕ್ಕಂಟಿದ ವಿಷ್ಣುಕ್ರಾಂತಿ ಸಿಗುತ್ತದೆ. ಉಗುರಿನಗಲದ ನೀಲಿ ಹೂ. ಬೆಳಗ್ಗೆ ಅರಳಿ ಬಿಸಿಲೇರಿದ ಮೇಲೆ ಮುದುರಿಕೊಳ್ಳುತ್ತದೆ. ಮಧ್ಯಾಹ್ನ ಹೋದವರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ತುಂಬೆ, ನೆಲನೆಲ್ಲಿ, ಉತ್ತರಾಣಿ, ಅಣ್ಣೆ ಸೊಪ್ಪು, ನೆಗ್ಗಿಲು ಇವೆಲ್ಲ ನಿಮಗೆ ಗೊತ್ತಿರುವವೇ. ಕೊಗ್ಗಿಲಿ, ಕಾಡುನೀಲಿಯಂಥ ಬೇಳೆ ಜಾತಿಯ ಪುಟ್ಟ ಗಿಡಗಳನ್ನು ಬಿಡದೆ ಬರೆದುಕೊಳ್ಳಿ. ಬೇರಿನ ಗಂಟಿನಲ್ಲಿ ಸಾರಜನಕ ಹಿಡಿದಿಟ್ಟು ಈ ಬಡ ಮಣ್ಣಿಗೆ ಗೊಬ್ಬರ ಕೊಡುವುದು ಅವೇ. ಗ್ರಾಸ್ ಜ್ಯುವೆಲ್ ಅನ್ನುವ ಚಿಟ್ಟೆ ಇಂಥ ಸಣ್ಣ ಗಿಡಗಳ ಸುತ್ತಲೇ ಸುಳಿದಾಡುತ್ತದೆ. ನಮ್ಮ ದೇಶದ ತೀರಾ ಸಣ್ಣ ಚಿಟ್ಟೆಗಳಲ್ಲಿ ಒಂದು. ತಂಗಡಿ ಪೊದೆ ಇದ್ದರೆ ಎಲೆಯ ಹಿಂದೆ ಹಸಿರು ಕಂಬಳಿಹುಳು ಹುಡುಕಿ. ತಿಳಿಹಸಿರು ಬಿಳುಪಿನ ಎಮಿಗ್ರಂಟ್ ಚಿಟ್ಟೆಯ ಮರಿ ಅದು.

ತಗ್ಗಿನಲ್ಲಿ ನೀರು ಜಿನುಗುವ ಜಾಗ ಇದ್ದರೆ ಮಳೆ ನಿಂತ ಮೇಲೆ ಮೊಣಕಾಲೂರಿ ನೋಡಿ. ಕೆಂಪು ಕೂದಲಿನ ತುದಿಯಲ್ಲಿ ಅಂಟು ಹನಿ ಹೊತ್ತ ಡ್ರಾಸೆರಾ ಸಿಕ್ಕರೂ ಸಿಗಬಹುದು. ಸಾರವಿಲ್ಲದ ಮಣ್ಣಿನಲ್ಲಿ ಬದುಕಲು ಹುಳ ಹಿಡಿದು ತಿನ್ನುವ ಗಿಡ. ಗೊಬ್ಬರ ಹಾಕಿದ ಕಡೆ ಅದು ಇರುವುದಿಲ್ಲ. ಪೊದೆಗಳ ಬುಡದಲ್ಲಿ ಎಲೆಯೇ ಇಲ್ಲದ, ಮೂಲೆ ಮೂಲೆಯಾದ ದಂಟಿನ ಕರಾಲುಮ ಇದ್ದೀತು. ಕೆಲವು ಕಡೆ ಅದನ್ನು ಮಂಗನಕೋಡು ಅನ್ನುತ್ತಾರೆ. ಕುರಿಗಾಹಿಗಳು ಹಸಿವಿಗೆ ಅದನ್ನು ಹಸಿಯಾಗಿ ಅಗಿಯುವುದುಂಟು. ಬೇಲಿ ಸಾಲಿನಲ್ಲಿ ಕಾರೆ, ಕವಳೆ, ಸೂರಿಮುಳ್ಳು, ಮೇಲೆ ಹಬ್ಬಿದ ಗೌರಿ ಹೂ. ಗೌರಿ ಹೂವಿನ ಗಡ್ಡೆ ಭಾರಿ ವಿಷ, ಮಕ್ಕಳಿಗೆ ಮೊದಲೇ ಹೇಳಿಡಿ.

ಇನ್ನು ಹುಲ್ಲು. ಜನ ಹುಲ್ಲನ್ನೆಲ್ಲ ಒಂದೇ ಅಂತ ನೋಡುತ್ತಾರೆ. ಹುಲ್ಲುಗಾವಲು ಓದುವುದು ನಿಜವಾಗಿ ಶುರುವಾಗುವುದೇ ಇಲ್ಲಿಂದ. ದಖ್ಖನ್ನಿನ ಒಣ ಹುಲ್ಲುಗಾವಲುಗಳನ್ನು ವಿಜ್ಞಾನಿಗಳು ಸೆಹಿಮಾ-ಡೈಕ್ಯಾಂತಿಯಂ ಎಂಬ ವರ್ಗಕ್ಕೆ ಸೇರಿಸುತ್ತಾರೆ. ಸೆಹಿಮಾ, ಡೈಕ್ಯಾಂತಿಯಂ, ಕ್ರೈಸೊಪೋಗಾನ್ ಇವು ವರ್ಷದಿಂದ ವರ್ಷಕ್ಕೆ ಬುಡದಿಂದಲೇ ಚಿಗುರುವ, ದನಗಳಿಗೆ ಇಷ್ಟವಾದ ಹುಲ್ಲುಗಳು. ಮೇಯಿಸುವುದು ಜಾಸ್ತಿಯಾದಂತೆ ಇವು ಹಿಂದೆ ಸರಿದು ಊಬಿನ ಹುಲ್ಲು ಮುಂದೆ ಬರುತ್ತದೆ. ಇನ್ನೂ ಜಾಸ್ತಿಯಾದರೆ ಅದೂ ಹೋಗಿ ಅರಿಸ್ಟಿಡಾ ಜಾತಿಯ ಹುಲ್ಲು ಉಳಿಯುತ್ತದೆ. ನಿಮ್ಮ ಊರಿನ ಹೆಂಗಸರು ಪೊರಕೆಗೆ ಕೊಯ್ಯುವ ಹಂಚಿಕಡ್ಡಿ ಈ ಅರಿಸ್ಟಿಡಾ ಗುಂಪಿನದೇ. ಪೊರಕೆಗೆ ಒಳ್ಳೆಯದು, ದನ ಮೂಸಿಯೂ ನೋಡುವುದಿಲ್ಲ. ಹಾಗಾಗಿ ಗೋಮಾಳದ ಆರೋಗ್ಯ ನೋಡಲು ಲ್ಯಾಬ್ ಬೇಕಿಲ್ಲ. ಎಲ್ಲಿ ಯಾವ ಹುಲ್ಲು ಜಾಸ್ತಿ ಅಂತ ನೋಡಿದರೆ ಸಾಕು.

ಊಬಿನ ಹುಲ್ಲನ್ನು, ಅಂದರೆ ಹೆಟೆರೊಪೋಗಾನ್ ಅನ್ನು, ಮಕ್ಕಳ ಕೈಯಲ್ಲಿ ಕೊಟ್ಟು ಒಂದು ಆಟ ಆಡಿಸಿ. ನಿಮ್ಮ ಪಂಚೆಗೆ, ಪ್ಯಾಂಟಿಗೆ ಚುಚ್ಚಿಕೊಳ್ಳುವ ಹುಲ್ಲು ಇದೇ. ಬೀಜದ ಒಂದು ತುದಿ ಸೂಜಿ. ಅದರಲ್ಲಿ ಹಿಮ್ಮುಖವಾಗಿ ಬಾಗಿದ ಸಣ್ಣ ರೋಮ. ಇನ್ನೊಂದು ತುದಿಯಲ್ಲಿ ಉದ್ದನೆಯ ಊಬು, ಒಣಗಿದಾಗ ಹುರಿ ಹೊಸೆದುಕೊಂಡಿರುತ್ತದೆ. ಬೀಜವನ್ನು ಅಂಗೈ ಮೇಲಿಟ್ಟು ಒಂದು ಹನಿ ನೀರು ಹಾಕಿ. ಹುರಿ ಬಿಚ್ಚುತ್ತಾ ಊಬು ಗಡಿಯಾರದ ಮುಳ್ಳಿನಂತೆ ನಿಧಾನಕ್ಕೆ ತಿರುಗುತ್ತದೆ. ಒಣಗಿದರೆ ಮತ್ತೆ ಹುರಿಗಟ್ಟುತ್ತದೆ. ನೆಲದ ಮೇಲೆ ಬಿದ್ದ ಬೀಜ ಹೀಗೇ ಇಬ್ಬನಿಗೆ ಒದ್ದೆಯಾಗುತ್ತಾ, ಬಿಸಿಲಿಗೆ ಒಣಗುತ್ತಾ, ತಿರುಗಿ ತಿರುಗಿ ಮಣ್ಣೊಳಗೆ ಇಳಿಯುತ್ತದೆ. ರೋಮ ಹಿಮ್ಮುಖವಾಗಿರುವುದರಿಂದ ವಾಪಸ್ ಮೇಲೆ ಬರುವುದಿಲ್ಲ. ಕುರಿಯ ಉಣ್ಣೆಯೊಳಗೆ ಸೇರಿದರೂ ಇದೇ ಕೆಲಸ ಮಾಡುತ್ತದೆ, ಚರ್ಮ ಚುಚ್ಚುತ್ತದೆ. ಇದು ಬೀಜ ಕಟ್ಟುವ ಮೊದಲೇ, ಎಳೆಯದಿದ್ದಾಗಲೇ ಮೇಯಿಸಿದರೆ ಕುರಿಗೂ ಹಿತ.

ಪಕ್ಷಿಗಳಲ್ಲಿ ಹುಲ್ಲುಗಾವಲಿನ ಖಾಯಂ ಮನೆಯವರು ನೆಲದ ಬಣ್ಣದವರು. ಬಾನಾಡಿ (ಲಾರ್ಕ್) ಜಾತಿಯ ಹಕ್ಕಿಗಳು, ಗೌಜುಗ, ಬುರ್ಲಿ, ಪಿಪಿಟ್. ಅವುಗಳನ್ನು ನೋಡಿ ಗುರುತಿಸುವುದಕ್ಕಿಂತ ಅವು ಏನು ಮಾಡುತ್ತವೆ ಅನ್ನುವುದರಿಂದ ಗುರುತಿಸುವುದು ಸುಲಭ. ಪೊದೆಯ ತುದಿಯಿಂದ ಮೇಲೆ ಹಾರಿ, ಸಣ್ಣ ದನಿಯಲ್ಲಿ ಹಾಡುತ್ತಾ, ರೆಕ್ಕೆ ಎತ್ತಿ ಕಾಲು ಜೋತುಬಿಟ್ಟು ಪ್ಯಾರಾಚೂಟ್ ಇಳಿದಂತೆ ಇಳಿದರೆ ಅದು ಜೆರ್ಡನ್ನನ ಪೊದೆ ಬಾನಾಡಿ. ಸಿಳ್ಳೆ ಹಾಕುತ್ತಾ ತಲೆಕೆಳಗಾಗಿ ಬಿದ್ದು, ನೆಲಕ್ಕೆ ಬಡಿಯಿತು ಅನ್ನುವಷ್ಟರಲ್ಲಿ ಮತ್ತೆ ಮೇಲೇರಿದರೆ ಅದು ನೆಲಗುಬ್ಬಿ. ಗಂಡಿನ ಹೊಟ್ಟೆ ಕಪ್ಪು. ಎರಡೂ ಹುಲ್ಲಿನ ಬುಡದಲ್ಲಿ ನೆಲದ ಮೇಲೇ ಗೂಡು ಮಾಡುತ್ತವೆ. ಇವಕ್ಕೆ ತೆರೆದ ಬಯಲೇ ಬೇಕು. ಸಾಲು ಸಾಲಾಗಿ ಗಿಡ ಎದ್ದರೆ ಕಾಗೆ, ಗಿಡುಗಗಳಿಗೆ ಕೂರಲು ಕೊಂಬೆ ಸಿಕ್ಕಿತು ಅಂತಲೇ ಲೆಕ್ಕ. ಗೂಡು ಉಳಿಯುವುದಿಲ್ಲ.

ಬೇಸಿಗೆಯಲ್ಲಿ ಅಲ್ಲಿ ಏನೂ ಇರಲ್ಲ ಅಂದಿರಿ. ಟಿಟ್ಟಿಭ ಮೊಟ್ಟೆ ಇಡುವುದೇ ಆಗ. ಕಣ್ಣಿನ ಮುಂದೆ ಕೆಂಪು ಜೋಲಿರುವುದು ನೀರಿನ ಆಸುಪಾಸು, ಹಳದಿ ಜೋಲಿರುವುದು ಒಣ ಬಯಲಲ್ಲಿ. ನಿಮ್ಮ ಗೋಮಾಳಕ್ಕೆ ಹಳದಿಯದು ಹೇಳಿ ಮಾಡಿಸಿದ್ದು. ಗೂಡು ಅಂದರೆ ನೆಲದಲ್ಲಿ ಒಂದು ಸಣ್ಣ ತಗ್ಗು, ಸುತ್ತ ನಾಲ್ಕು ಬೆಣಚುಕಲ್ಲು, ಆಡಿನ ಹಿಕ್ಕೆ. ಒಳಗೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಚೂಪು ತುದಿ ಒಳಮುಖ. ಮಣ್ಣಿನದೇ ಬಣ್ಣ, ಮೇಲೆ ಕರಿ ಮಚ್ಚೆ. ಒಂದು ಗೇಣು ದೂರದಲ್ಲಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಬಿಸಿಲು ಜೋರಾದಾಗ ತಾಯಿ ಮೊಟ್ಟೆಗೆ ಕಾವು ಕೊಡುವ ಬದಲು ನೆರಳು ಕೊಡುತ್ತಾ ನಿಲ್ಲುತ್ತದೆ. ಹೊಟ್ಟೆಯ ಗರಿ ನೀರಿನಲ್ಲಿ ನೆನೆಸಿಕೊಂಡು ಬಂದು ಕೂರುವುದೂ ಉಂಟು. ಹಕ್ಕಿ ತಲೆ ಮೇಲೆ ಕಿರುಚುತ್ತಾ ಸುತ್ತಿದರೆ ನೀವು ಗೂಡಿನ ಹತ್ತಿರ ಇದ್ದೀರಿ ಅಂತ ಅರ್ಥ. ಬಂದ ಹೆಜ್ಜೆಯಲ್ಲೇ ವಾಪಸ್ ನಡೆಯಿರಿ. ಮಕ್ಕಳನ್ನು ಹುಡುಕಲು ಬಿಡಬೇಡಿ.

ಅದೇ ಬೇಸಿಗೆಯಲ್ಲಿ ಮಳೆಗಾಲದವರೆಗೂ ಕಾಣುವ ಇನ್ನೊಬ್ಬ ಇದ್ದಾನೆ. ಗೇಣಿಗಿಂತ ಸಣ್ಣ ಕಂದು ಓತಿಕ್ಯಾತ, ಸಿಟಾನ ಅಂತ ಕುಲದ ಹೆಸರು. ಗಂಡು ಒಂದು ಕಲ್ಲು ಹತ್ತಿ ನಿಂತು ಗಂಟಲ ಕೆಳಗಿನ ಚರ್ಮವನ್ನು ಬೀಸಣಿಗೆ ಹಾಗೆ ಬಿಚ್ಚಿ ಮುಚ್ಚಿ ಮಾಡುತ್ತದೆ. ಬೀಸಣಿಗೆಯಲ್ಲಿ ನೀಲಿ ಮಿಂಚು. ಹೆದರಿದರೆ ಹಿಂಗಾಲೆರಡರ ಮೇಲೆ ಎದ್ದು ಓಡುತ್ತದೆ. ಫೋಟೋ ಸಿಕ್ಕರೆ ಹಿಂಗಾಲಿನ ಬೆರಳು ಎಣಿಸಿ. ನಾಲ್ಕೇ ಇರುತ್ತವೆ. ಬೇರೆ ಓತಿಕ್ಯಾತಗಳಿಗೆ ಐದು. ದಕ್ಷಿಣ ಭಾರತದಲ್ಲಿ ಈ ಗುಂಪಿನ ಹೊಸ ಜಾತಿಗಳನ್ನು 2016ರಲ್ಲೂ ಹೆಸರಿಟ್ಟು ದಾಖಲಿಸಿದ್ದಾರೆ, ಹಾಗಾಗಿ ಫೋಟೋ ಚೆನ್ನಾಗಿ ತೆಗೆಯಿರಿ.

ಚಳಿಗಾಲದ ಅತಿಥಿ ಸೆಳೆವ. ನವೆಂಬರಿನಿಂದ ಮಾರ್ಚಿಯವರೆಗೆ ಹುಲ್ಲಿನ ಮೇಲೆ ಆಳುದ್ದ ಎತ್ತರದಲ್ಲಿ, ರೆಕ್ಕೆಯನ್ನು ವಿ ಆಕಾರಕ್ಕೆ ಎತ್ತಿ, ತೇಲುತ್ತಾ ಬರುವ ತೆಳ್ಳನೆಯ ಬೇಟೆ ಹಕ್ಕಿ. ನೆಲದ ಮೇಲೆ ಹುಲ್ಲಿನ ನಡುವೆಯೇ ಗುಂಪಾಗಿ ಮಲಗುತ್ತದೆ. ಉಪಗ್ರಹ ಟ್ಯಾಗ್ ಹಾಕಿ ನೋಡಿದಾಗ ನಮ್ಮಲ್ಲಿ ಚಳಿಗಾಲ ಕಳೆದ ಸೆಳೆವಗಳು ಕಜಾಕಸ್ತಾನದ ಹುಲ್ಲುಗಾವಲಿನವರೆಗೆ ಹೋದದ್ದು ಗೊತ್ತಾಗಿದೆ. ಅಷ್ಟು ದೂರದಿಂದ ಬಂದು ಇಲ್ಲಿ ಮುಖ್ಯವಾಗಿ ತಿನ್ನುವುದು ಮಿಡತೆ. ಸುತ್ತಲಿನ ಕಡಲೆಕಾಯಿ ಹೊಲದವರು ಇದನ್ನು ಕೇಳಿ ಖುಷಿ ಪಡಬೇಕು. 22 ಎಕರೆಯಲ್ಲಿ ಅವು ರಾತ್ರಿ ತಂಗುತ್ತವೆ ಅನ್ನುವ ಭರವಸೆ ನಾನು ಕೊಡಲಾರೆ. ಬೇಟೆಗೆ ಹಾದುಹೋಗುವುದನ್ನಂತೂ ನಿರೀಕ್ಷಿಸಬಹುದು.

ನಿಮ್ಮ ತಾಲ್ಲೂಕಿನದೇ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆ ಮರಗಳ ಮೇಲೆ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರವರು ಮನೆ ಮಕ್ಕಳಂತೆ ಕಾಯುತ್ತಾರೆ. ದೊಡ್ಡ ಹಕ್ಕಿ, ಎತ್ತರದ ಗೂಡು, ಎಲ್ಲರಿಗೂ ಕಾಣುತ್ತದೆ. ಟಿಟ್ಟಿಭಕ್ಕೆ ಆ ಭಾಗ್ಯ ಇಲ್ಲ.

ರಾತ್ರಿಯ ಲೋಕ ಬೇರೆಯೇ. ಬೆಳಗ್ಗೆ ಬೇಗ ಹೋದರೆ ಗಾಡಿ ಜಾಡಿನ ಧೂಳಿನಲ್ಲಿ ಅದರ ವರದಿ ಬರೆದಿರುತ್ತದೆ. ಮೊಲ, ಮುಂಗುಸಿ, ಮುಳ್ಳುಹಂದಿಯ ಹೆಜ್ಜೆ, ಇಲಿ ಬಿಲ, ಉಡ ಬಾಲ ಎಳೆದ ಗೆರೆ. ಬಾಲದ ತುದಿ ಕಪ್ಪಗಿರುವ ಸಣ್ಣ ನರಿ ಇಂಥ ಬಯಲಿನದೇ ಪ್ರಾಣಿ, ಊರವರು ಅದನ್ನೂ ದೊಡ್ಡ ನರಿಯನ್ನೂ ಒಂದೇ ಹೆಸರಲ್ಲಿ ಕರೆಯುವುದರಿಂದ ಬಾಲದ ತುದಿ ಕೇಳಿ ತಿಳಿದುಕೊಳ್ಳಿ. ಹಾವುಗಳಲ್ಲಿ ಕೊಳಕುಮಂಡಲ, ಗರಗಸ ಮಂಡಲ, ನಾಗರ ಮೂರೂ ಇರಬಹುದು. ಮಕ್ಕಳ ಕಾಲಿಗೆ ಶೂ ಇರಲಿ, ಹುತ್ತಕ್ಕೆ, ಕಲ್ಲು ಸಂದಿಗೆ ಕೈ ಹಾಕಬಾರದು.

ದೊಡ್ಡ ಪ್ರಾಣಿಗಳ ವಿಷಯದಲ್ಲಿ ಆಸೆ ಮಿತಿಯಲ್ಲಿರಲಿ. ಪಕ್ಕದ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗ ಇವೆ, ನಿಜ. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಘೋಷಣೆಯಾದ ಆ ಜಾಗ 798 ಎಕರೆ. ತೋಳಕ್ಕಾಗಿ ಗುರುತಿಸಿರುವ ಗಂಗಾವತಿ ಬಳಿಯ ಬಂಕಾಪುರ 332 ಹೆಕ್ಟೇರ್. ನಿಮ್ಮ 22 ಎಕರೆ ಅವುಗಳಿಗೆ ಮನೆ ಆಗಲಾರದು. ತೋಳ ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವಾಗ ಹಗಲು ಕಳೆಯಲು ನಿಲ್ಲುವ ಜಾಗ ಆಗಬಹುದು. ಸಣ್ಣ ಗೋಮಾಳಗಳ ಮಹತ್ವವೇ ಅದು. ಒಂದೊಂದೇ ನೋಡಿದರೆ ಚಿಕ್ಕದು. ಸಾಲಾಗಿ ನೋಡಿದರೆ ದಾರಿ. ನಡುವಿನ ನಾಲ್ಕು ಗೋಮಾಳ ಹೋದರೆ ಮೈದನಹಳ್ಳಿ ಒಂದು ದ್ವೀಪ ಆಗುತ್ತದೆ. ರಾಣೆಬೆನ್ನೂರಿನದೂ ನೆನಪಿಡಬೇಕಾದ ಕಥೆ. 1974ರಲ್ಲಿ ಕೃಷ್ಣಮೃಗಕ್ಕೆಂದು ಅಭಯಾರಣ್ಯ ಆದ ಬಯಲು ಅದು. ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯೂ ಅಲ್ಲಿತ್ತು. ನೀಲಗಿರಿ ನೆಡುತೋಪು ಎದ್ದಿತು, ಬಯಲು ಮುಚ್ಚಿತು, ಎರೆಭೂತ ಹೋಯಿತು. ಹಸಿರು ಜಾಸ್ತಿಯಾಯಿತು ಅಂತ ಅದಕ್ಕೇನು ಪ್ರಯೋಜನ?

ಮೇಯಿಸುವ ಪ್ರಶ್ನೆಗೆ ಬರೋಣ. ಮೇಯುವುದು ಗೋಮಾಳಕ್ಕೆ ರೋಗ ಅಲ್ಲ. ಹುಲ್ಲು ಬೆಳೆಯುವ ಮೊಳಕೆ ಬುಡದಲ್ಲಿ, ನೆಲದ ಮಟ್ಟದಲ್ಲಿ ಇರುತ್ತದೆ. ತುದಿ ಕಚ್ಚಿದರೂ ಬುಡದಿಂದ ಮತ್ತೆ ಬರುತ್ತದೆ. ಪೂರ್ತಿ ಬೇಲಿ ಹಾಕಿ ವರ್ಷಗಟ್ಟಲೆ ಯಾರನ್ನೂ ಬಿಡದಿದ್ದರೆ ಹಳೆಯ ಒಣ ಹುಲ್ಲು ಮೆತ್ತೆ ಕಟ್ಟಿ, ವಿಷ್ಣುಕ್ರಾಂತಿಯಂಥ ಗಿಡ್ಡ ಗಿಡಗಳಿಗೆ ಬೆಳಕು ಸಿಗದೆ ಹೋಗುತ್ತದೆ, ಪೊದೆ ನುಗ್ಗುತ್ತದೆ, ಒಂದು ಬೀಡಿ ಕಿಡಿಗೆ ಪೂರ್ತಿ ಸುಡುತ್ತದೆ. ಗೊಲ್ಲರ ಹಟ್ಟಿಯ ಕುರಿ ಆಡುಗಳೂ ಈ ವ್ಯವಸ್ಥೆಯ ಒಂದು ಭಾಗವೇ. ಅಮೃತಮಹಲ್ ತಳಿಯ ದನಗಳಿಗೆಂದು ಮೀಸಲಿಟ್ಟ ಕಾವಲುಗಳು ಶತಮಾನಗಟ್ಟಲೆ ಹುಲ್ಲುಗಾವಲಾಗಿ ಉಳಿದದ್ದು ದನಗಳು ಮೇಯುತ್ತಿದ್ದುದರಿಂದ. ಆದರೆ ಕಾಲಕ್ಕೆ ತಕ್ಕಂತೆ ಒಂದು ಕಾವಲಿನಿಂದ ಇನ್ನೊಂದಕ್ಕೆ ಹೊಡೆಯುತ್ತಿದ್ದರು. ಗುಟ್ಟು ಇರುವುದು ಆ ಬಿಡುವಿನಲ್ಲಿ.

ಸಗಣಿಯನ್ನೂ ನೋಡಿ. ಹೊಸ ಸಗಣಿ ಬಿದ್ದ ಸ್ವಲ್ಪ ಹೊತ್ತಿಗೆ ಸಗಣಿ ಹುಳುಗಳು ಬರುತ್ತವೆ. ಕೆಲವು ಉಂಡೆ ಮಾಡಿ ಉರುಳಿಸಿಕೊಂಡು ಹೋಗುತ್ತವೆ, ಕೆಲವು ಅಲ್ಲೇ ಕೆಳಗೆ ಸುರಂಗ ತೋಡಿ ಒಳಗೆಳೆಯುತ್ತವೆ, ಕೆಲವು ಸಗಣಿಯೊಳಗೇ ಸಂಸಾರ ಹೂಡುತ್ತವೆ. ಮೂರನ್ನೂ ಮಕ್ಕಳು ಒಂದೇ ದಿನ ನೋಡಬಹುದು. ಜಂತುಹುಳಕ್ಕೆ ಐವರ್ಮೆಕ್ಟಿನ್ ಕೊಟ್ಟ ದನದ ಸಗಣಿಯಲ್ಲಿ ಔಷಧಿ ಉಳಿದು ಈ ಹುಳುಗಳ ಮರಿಗಳು ಸಾಯುತ್ತವೆ. ಪಶು ವೈದ್ಯರನ್ನು ಕೇಳಿ, ಔಷಧಿ ಕೊಟ್ಟ ಕೆಲವು ದಿನ ಆ ದನವನ್ನು ಕೊಟ್ಟಿಗೆಯಲ್ಲೇ ಮೇಯಿಸಲಾಗುತ್ತದಾ ಅಂತ ನೋಡಿ.

ಹಾಗಾದರೆ ಹಾಳು ಮಾಡುತ್ತಿರುವುದು ಯಾವುದು? ನನ್ನ ಪ್ರಕಾರ ಒಂದು, ಮಳೆ ಬಿದ್ದ ತಕ್ಷಣ ಎಳೆ ಹುಲ್ಲಿಗೆ ಎಲ್ಲ ಹಿಂಡೂ ಒಟ್ಟಿಗೆ ನುಗ್ಗುವುದು. ಇದಕ್ಕೆ ಗೋಮಾಳವನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿ, ವರ್ಷಕ್ಕೆ ಒಂದು ಪಾಲನ್ನು ಹುಬ್ಬೆ ಮಳೆಯಿಂದ ಬೀಜ ಉದುರುವ ತನಕ ಬಿಡುವು ಬಿಟ್ಟರೆ ಸಾಕು. ಬೇಲಿ ಬೇಡ, ಊರ ಹಿರಿಯರ ಮಾತು ಮತ್ತು ನಾಲ್ಕು ಗುರುತು ಕಲ್ಲು ಬೇಕು. ಬೀಜ ಉದುರಿದ ಮೇಲೆ ಆ ಪಾಲಿನ ಹುಲ್ಲನ್ನು ಕೊಯ್ದು ಹಂಚಿಕೊಳ್ಳಬಹುದು. ಎರಡು, ಬಳ್ಳಾರಿ ಜಾಲಿ. ಕಡಿದರೆ ಬುಡದಿಂದ ಹತ್ತು ಕವಲು ಒಡೆಯುತ್ತದೆ. ದನಗಳು ಅದರ ಕಾಯಿ ತಿಂದು ಸಗಣಿಯಲ್ಲಿ ಬೀಜ ಹರಡುತ್ತವೆ. ಎಳೆಯ ಗಿಡವನ್ನು ಮಳೆ ಬಿದ್ದ ಮಣ್ಣಿನಲ್ಲಿ ಬೇರು ಸಮೇತ ಕೀಳಿಸಿ. ಉದ್ಯೋಗ ಖಾತ್ರಿಯ ಕೂಲಿ ಇದಕ್ಕೆ ಹೋಗಲಿ. ನಮ್ಮದೇ ಕರಿಜಾಲಿ, ಬಿಳಿಜಾಲಿ ಅಲ್ಲೊಂದು ಇಲ್ಲೊಂದು ಇದ್ದರೆ ಮುಟ್ಟಬೇಡಿ. ಮೂರು, ಕಾಂಗ್ರೆಸ್ ಗಿಡ. ಅದರ ಎಲೆ ತಿನ್ನುವ ಒಂದು ಜೀರುಂಡೆಯನ್ನು ಮೆಕ್ಸಿಕೊದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದರು. ಬಿಳಿ ಬೆನ್ನಿನ ಮೇಲೆ ಕಂದು ಗೆರೆ ಇರುವ ಆ ಜೀರುಂಡೆ ನಿಮ್ಮಲ್ಲೂ ಸಿಗಬಹುದು, ಕೊಲ್ಲಬೇಡಿ. ಬೀದಿ ನಾಯಿ, ಕಸ, ಒಡೆದ ಬಾಟಲಿ, ಕೆಮ್ಮಣ್ಣು ಹೊಡೆಯುವ ಟ್ರ್ಯಾಕ್ಟರ್ ಇವುಗಳ ಬಗ್ಗೆ ನಿಮಗೆ ಹೇಳಬೇಕಿಲ್ಲ.

ಗ್ರಾಮಸಭೆಯಲ್ಲಿ ಮಾತಾಡುವಾಗ ಹಕ್ಕಿ, ಓತಿಕ್ಯಾತದಿಂದ ಶುರು ಮಾಡಬೇಡಿ. ಮೇವಿನಿಂದ ಶುರು ಮಾಡಿ. ಪಹಣಿ ತೆಗೆಸಿ, ಗೋಮಾಳ ಅಂತ ಇದೆಯಾ, ಎಷ್ಟು ಎಕರೆ ಅಂತ ನೋಡಿ. ಕರ್ನಾಟಕ ಭೂ ಕಂದಾಯ ನಿಯಮಗಳು, 1966ರ 97ನೇ ನಿಯಮದ ಪ್ರಕಾರ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿನ ಜಾಗ ಇರಬೇಕು. ಊರಿನ ಜಾನುವಾರು ಲೆಕ್ಕ ಹಾಕಿದರೆ ನಿಮ್ಮ 22 ಎಕರೆಯೇ ಸಾಲದು ಅನ್ನುವುದು ಸಭೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಊರೊಟ್ಟಿನ ಜಾಗಗಳ ಒತ್ತುವರಿ ತೆರವು ಮಾಡಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ರಾಜ್ಯಗಳಿಗೆ ಹೇಳಿದೆ, ಅದನ್ನೂ ಒಂದು ಮಾತು ತಿಳಿಸಿ. ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ ಪ್ರಾಣಿಗಳ ದಾಖಲಾತಿ ಪುಸ್ತಕ ಇಡಬೇಕು. ಬಹಳ ಕಡೆ ಅದು ಬೀರುವಿನಲ್ಲಿದೆ. ನಿಮ್ಮ ಮಕ್ಕಳ ಪಟ್ಟಿಯನ್ನು ಅದರಲ್ಲಿ ಸೇರಿಸಲು ಅರ್ಜಿ ಕೊಡಿ. ನಾಳೆ ಯಾರಾದರೂ "ಖಾಲಿ ಜಾಗ" ಅಂದರೆ ತೋರಿಸಲು ಪಂಚಾಯಿತಿಯದೇ ದಾಖಲೆ ಇರುತ್ತದೆ.

ಸಸಿ ಬಂದೇ ಬಿಟ್ಟಿದ್ದರೆ ವಾಪಸ್ ಕಳಿಸಬೇಡಿ. ಹೊಂಗೆ, ಬೇವು, ಹುಣಸೆಗಳನ್ನು ಶಾಲೆ ಅಂಗಳ, ಊರ ರಸ್ತೆ ಬದಿ, ಹೊಲದ ಬದು, ಹಳೆಯ ಗುಂಡುತೋಪಿನ ಖಾಲಿ ಜಾಗದಲ್ಲಿ ನೆಡಿಸಿ. ಅಲ್ಲಿ ನೀರು ಹಾಕುವವರೂ ಸಿಗುತ್ತಾರೆ.

ಪಟ್ಟಿ ಮಾಡುವ ಕ್ರಮ ಸರಳ. ನಾಲ್ಕು ಮೊಳೆ, ಒಂದು ಹಗ್ಗ, ಒಂದು ಮೀಟರ್ ಚೌಕ. ಗೋಮಾಳದ ಐದಾರು ಕಡೆ ಚೌಕ ಹಾಕಿ, ಒಳಗೆ ಎಷ್ಟು ಬಗೆಯ ಹುಲ್ಲು, ಎಷ್ಟು ಬಗೆಯ ಗಿಡ ಅಂತ ಬರೆಯಿಸಿ. ತಿಂಗಳಿಗೊಮ್ಮೆ ಅದೇ ಜಾಗಕ್ಕೆ ಹೋಗಿ. ಹೆಸರು ಗೊತ್ತಿಲ್ಲದಿದ್ದರೆ ಹಟ್ಟಿಯ ಹಿರಿಯರನ್ನು ಕರೆತನ್ನಿ. ಅವರು ಹೇಳಿದ ಹೆಸರನ್ನೇ, ಯಾವ ಕುರಿ ತಿನ್ನುತ್ತದೆ, ಯಾವ ರೋಗಕ್ಕೆ ಬಳಸುತ್ತಾರೆ ಅನ್ನುವುದರ ಸಮೇತ ಬರೆದುಕೊಳ್ಳಿ. ಹಕ್ಕಿಗಳಿಗೆ ಇಬರ್ಡ್, ಉಳಿದದ್ದಕ್ಕೆ ಐನ್ಯಾಚುರಲಿಸ್ಟ್ ಆ್ಯಪ್ ಬಳಸಬಹುದು. ಗೂಡಿನ ಜಾಗ, ನರಿ ಬಿಲದ ಜಾಗ ಮಾತ್ರ ಹಾಕಬೇಡಿ. ನಕ್ಷತ್ರ ಆಮೆ, ಮಣ್ಣುಮುಕ್ಕ ಹಾವು ಕಂಡರಂತೂ ವಾಟ್ಸಾಪ್ ಗ್ರೂಪಿಗೂ ಬೇಡ, ಕಳ್ಳಸಾಗಣೆಯವರು ಹುಡುಕುವುದೇ ಅವನ್ನು.

ಹುಲ್ಲಿನ ಫೋಟೋ ನನಗೆ ಕಳಿಸುವುದಾದರೆ ಎಲೆಯದು ಸಾಲದು. ಹೂ ಅಥವಾ ತೆನೆ ಬಿಟ್ಟಾಗ, ತೆನೆಯನ್ನು ಕಪ್ಪು ಸ್ಲೇಟಿನ ಮೇಲಿಟ್ಟು, ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದು ಫೋಟೋ. ಬುಡದ ಜೊತೆ ಪೂರ್ತಿ ಗಿಡದ್ದು ಇನ್ನೊಂದು. ಎಲೆ ಕಾಂಡಕ್ಕೆ ಸೇರುವ ಗಿಣ್ಣಿನದು ಮತ್ತೊಂದು. ನವೆಂಬರ್ ಮೊದಲ ವಾರ ಕಳಿಸಿದರೆ ಬಹುಪಾಲು ಗುರುತಿಸಿ ಕೊಡಬಹುದು.